ಜಿಗಿದು ಕಲಿಸುವ ಇಂಗ್ಲಿಷು
ಬೇಗಂಪೇಟೆಯಲ್ಲಿ ಕಾಲ್ ಸೆಂಟರ್ ಸೇರುವವರಿಗೆ ಇಂಗ್ಲಿಷ್ ಉಚ್ಚಾರ ಕಲಿಸುವ ದತ್ತಾತ್ರೇಯರಾಯರು ಉದ್ದನೆಯ ಪದ ಸಿಕ್ಕರೆ ಮಂದಿಯನ್ನು ಸಾಲಾಗಿ ನಿಲ್ಲಿಸಿ ಅದನ್ನು ಒಡೆಯುತ್ತಾರೆ. ‘ಕಮ್ಯುನಿಕೇಶನ್’ ಎಂದರೆ ಐವರಿಗೆ ತಲೆಗೊಂದು ತುಂಡು. ಒತ್ತು ಬೀಳುವ ‘ಕೇ’ ಸಿಕ್ಕವರು ಜಿಗಿಯಬೇಕು. “ಹಾರವ್ವಾ ಹರ್ಷಿತಾ, ಛತ್ತು ಮುಟ್ಟು! ಒತ್ತಿಲ್ಲದ ಇಂಗ್ಲಿಷು ಖಾರಿಲ್ಲದ ಮಿರ್ಚಿ ಇದ್ದಂಗ!” ಆ ಜಿಗಿತದ ಅದುರಿಗೆ ಕೆಳಗಿನ ಇರಾನಿ ಹೋಟೆಲಿನ ಚಹಾ ತಾನಾಗಿಯೇ ಕಪ್ಪಿನಿಂದ ಬಸಿಗಿಳಿಯುತ್ತದೆ, ಪಕ್ಕದ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾದ ವಿಮಾನ ಹೆದರಿ ಇನ್ನೊಂದು ಸುತ್ತು ಹಾಕುತ್ತದೆ. ಮನೆಯಲ್ಲಿ ಮಾತ್ರ ಸಾಲಿಗೆ ನಿಲ್ಲಲು ಯಾರೂ ಇಲ್ಲ. ಲಕ್ವ ಹೊಡೆದು ಮಾತು ಕಳೆದುಕೊಂಡ ಹೆಂಡತಿ ಅಂಬುಬಾಯಿಯ ಮುಂದೆ, ಮಾತು ಮರಳಿ ಕಲಿಸಲೆಂದು, ಅರವತ್ತು ದಾಟಿದ ರಾಯರೇ ಪದದ ಪ್ರತಿ ತುಂಡಿಗೂ ಜಿಗಿಯುತ್ತಾರೆ. ಮೊನ್ನೆ ‘ಅಂ-ಬು-ಬಾ-ಯಿ’ ಎಂದು ಜಿಗಿದು ಮುಗ್ಗರಿಸಿದಾಗ, ವರ್ಷದಿಂದ ಬಾರದ ಮಾತು ಆಕೆಯ ಬಾಯಿಂದ ಇಡಿಯಾಗಿ ಹೊರಬಿತ್ತು: “ಕೂಡ್ರಿ ಸಾಕು, ಬಿದ್ದೀರಿ!” ರಾಯರು ನೆಲದ ಮೇಲೆ ಕೂತೇ ಕೈಮುಗಿದರು: “ಇನ್ನೊಮ್ಮೆ ಬೈ, ಅಂಬೂ!”