ಬೀಗಿತಿಯನ್ನು ಕೂರಿಸಿದ್ದು

ಬೆಳಗ್ಗೆ ಚಹಾಕ್ಕಿಂತ ಮೊದಲು ಅವಳಿಗೆ ಸಿಗುತ್ತಿದ್ದುದು ಕುಕ್ಕು. ಹಿತ್ತಿಲ ಗೂಡಿನ ಅಗುಳಿ ತೆಗೆದು, ಸೊಂಟ ಬಗ್ಗಿಸಿ, ಉಬ್ಬಿಕೊಂಡು ಕೂತ ಹೇಂಟೆಯ ಹೊಟ್ಟೆಯಡಿಗೆ ಕೈ ತೂರಿಸಿದರೆ ಮಣಿಕಟ್ಟಿನ ಮೇಲೆ ಒಂದಾದರೂ ಬೀಳಲೇಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಬೆಂಕಿ ತಾಕಿದವಳಂತೆ ಕೈ ಎಳೆದುಕೊಳ್ಳುತ್ತಿದ್ದಳು. ಈಗ ಎಳೆದುಕೊಳ್ಳುವುದೂ ಒಂದು ಕೆಲಸವೆನಿಸಿ ಬಿಟ್ಟುಬಿಟ್ಟಿದ್ದಳು. ಕುಕ್ಕುವಷ್ಟು ಕುಕ್ಕಲಿ ಎಂದು ಕೈಯನ್ನು ಅಲ್ಲೇ ಇಟ್ಟು, ಬೆಚ್ಚಗಿನ ಮೊಟ್ಟೆಗಳನ್ನು ತಡವಿ ತಡವಿ ತೆಗೆದು ಬುಟ್ಟಿಗೆ ಹಾಕುತ್ತಿದ್ದಳು.

ಬೀದಿಗೆಲ್ಲ ಅವಳು ಕೋಳಿಯಕ್ಕ. ಗಂಡ ಬಸ್ ಕಂಡಕ್ಟರ್. ಮನೆಯಲ್ಲಿ ಇವರಿಬ್ಬರ ಜೊತೆ ಅತ್ತೆ. ಕಣ್ಣು ಮಂಜಾದರೂ ಕಿವಿ, ನಾಲಿಗೆ ಎರಡೂ ಚುರುಕಾಗಿದ್ದ ಮುದುಕಿ. ಕೋಳಿಗಳು ನಿಜಕ್ಕೂ ಅತ್ತೆಯವೇ. ಮದುವೆಯಾಗಿ ಬರುವಾಗ ತವರಿನಿಂದ ಮುಚ್ಚಿದ ಬುಟ್ಟಿಯಲ್ಲಿ ಮಡಿಲ ಮೇಲಿಟ್ಟುಕೊಂಡು ತಂದ ತಳಿ. ಬೂದಿ ಬಣ್ಣದ ಮೈ, ಕತ್ತಿನ ಸುತ್ತ ಜೇನು ಹಚ್ಚಿದಂಥ ಗರಿ. ಅತ್ತೆಯ ತವರುಮನೆ ಕೈಬದಲಾಗಿ, ಬಿದ್ದು, ಆ ಜಾಗದಲ್ಲಿ ಬೇರೆ ಕಟ್ಟಡ ಎದ್ದಿತ್ತು. ಆ ಮನೆಯದೆಂದು ಉಳಿದದ್ದು ಈ ಹಿತ್ತಿಲಲ್ಲಿ ಕೆದಕುತ್ತಿದ್ದ ಜೀವಗಳು ಮಾತ್ರ.

ದೂರದೂರದಿಂದ ಜನ ಮರಿ ಮಾಡಿಸಲು ಇವರ ಮೊಟ್ಟೆ ಕೊಂಡೊಯ್ಯುತ್ತಿದ್ದರು. ತಿನ್ನುವ ಮೊಟ್ಟೆಗಿಂತ ಅದರ ಕಾಟ ಹೆಚ್ಚು. ಹೇಂಟೆಯ ಹೊಟ್ಟೆಯಡಿ ಒಂದು ಹಗಲು ಬಿದ್ದಿದ್ದರೂ ಸಾಕು, ಒಳಗೆ ಜೀವ ಕಣ್ಣು ಬಿಡಲು ಶುರುಮಾಡುತ್ತದೆ. ಆಮೇಲೆ ಬುಟ್ಟಿಯಲ್ಲಿ ತಣ್ಣಗಾಗಿ ಅಲ್ಲೇ ಕಮರುತ್ತದೆ. ಅದಕ್ಕೇ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ದಿನಕ್ಕೆ ಮೂರು ಸಲ ಗೂಡು ಖಾಲಿ ಮಾಡಬೇಕು. ಯಾವ ಹೇಂಟೆಯೂ ಕಾವಿಗೆ ಕೂರಬಾರದು. ಕೂತರೆ ಎಬ್ಬಿಸಬೇಕು. ಮತ್ತೆ ಕೂತರೆ ಹೊಟ್ಟೆಯಡಿಗೆ ಒದ್ದೆ ಬಟ್ಟೆ ಒತ್ತಬೇಕು. ಅದಕ್ಕೂ ಬಗ್ಗದಿದ್ದರೆ ಸೀಬೆಮರಕ್ಕೆ ನೇತುಹಾಕಿದ ತಂತಿಯ ಪಂಜರದಲ್ಲಿ ಬಿಡಬೇಕು. ಕೆಳಗಿನಿಂದ ಗಾಳಿಯಾಡಿ, ಹೊಟ್ಟೆ ತಣ್ಣಗಾಗಿ, ನಾಲ್ಕೈದು ದಿನದಲ್ಲಿ ಅದರ ತಲೆಯಿಂದ ಮರಿಯ ಯೋಚನೆ ಇಳಿದುಹೋಗುತ್ತಿತ್ತು. ಅವಳ ಬಾಳಿನ ಅರ್ಧ ಭಾಗ ಹೀಗೆ ಕೂತವರನ್ನು ಎಬ್ಬಿಸುವುದರಲ್ಲೇ ಕಳೆದಿತ್ತು.

ಅವಳನ್ನು ಎಲ್ಲರಿಗಿಂತ ಹೆಚ್ಚು ಗೋಳುಹೊಯ್ದುಕೊಂಡವಳು ಬೀಗಿತಿ. ಸತ್ಕಾರ ಸಾಲದೆಂದು ಮುಖ ಊದಿಸಿಕೊಂಡು ಮೂಲೆ ಹಿಡಿದ ಬೀಗಿತಿಯಂತೆ ಕೂರುತ್ತಿದ್ದ ಆ ಹೇಂಟೆಗೆ ಕಂಡಕ್ಟರ್ ಇಟ್ಟ ಹೆಸರು ಅದು. ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಮೊಟ್ಟೆ ಇಲ್ಲದಿದ್ದರೆ ಕಲ್ಲಿನ ಮೇಲೆ, ಕಲ್ಲೂ ಇಲ್ಲದಿದ್ದರೆ ಬರಿಯ ಹುಲ್ಲಿನ ಮೇಲೆ ಕೂತು ಗುರ್ರೆನ್ನುತ್ತಿದ್ದಳು. ಪಂಜರಕ್ಕೆ ಹೋಗುವುದು, ಬರುವುದು, ಮತ್ತೆ ಕೂರುವುದು. ಪಂಜರ ಹೊತ್ತು ಹೊತ್ತು ಕೋಳಿಯಕ್ಕನ ಬಲಭುಜ ಎಡದ್ದಕ್ಕಿಂತ ತುಸು ಜೋತಿದೆಯೆಂದು ಪಕ್ಕದ ಮನೆಯ ಟೈಲರ್ ರವಿಕೆಯ ಅಳತೆ ತೆಗೆಯುವಾಗಲೇ ಹೇಳಿದ್ದ.

ಆ ವರ್ಷದ ಬಿಸಿಲಿಗೆ ಹುಂಜ ಸತ್ತಿತು. ವಯಸ್ಸಾಗಿತ್ತು. ಮಧ್ಯಾಹ್ನ ನೀರಿನ ಬಾಂಡಲಿಯ ಪಕ್ಕ ಕುಸಿದು ಕೂತದ್ದು ಮತ್ತೆ ಏಳಲಿಲ್ಲ. ಹುಂಜಕ್ಕೆ ಮುಪ್ಪು ಬರುವ ಮೊದಲೇ ಅದರ ಮರಿಹುಂಜವೊಂದನ್ನು ಬೆಳೆಸಿಟ್ಟುಕೊಳ್ಳುವುದು ಅತ್ತೆಯ ಕಾಲದಿಂದ ಬಂದ ಪದ್ಧತಿ. ಅದಕ್ಕೆ ಒಂದು ಹೇಂಟೆಯನ್ನು ಕಾವಿಗೆ ಬಿಡಬೇಕು, ಮರಿಗಳನ್ನು ಕಾಗೆ ಬೆಕ್ಕುಗಳಿಂದ ತಿಂಗಳುಗಟ್ಟಲೆ ಕಾಯಬೇಕು. ಎರಡು ವರ್ಷದಿಂದ ಅವಳು ನಾಳೆ ನೋಡೋಣ, ನಾಳೆ ನೋಡೋಣ ಎಂದು ಮುಂದೂಡುತ್ತ ಬಂದಿದ್ದಳು. ಮೊಟ್ಟೆ ಕೊಂಡವರಿಗೆಲ್ಲ, ಈ ತಳಿಯ ಹುಂಜ ಉಳಿದಿದೆಯೇ ಎಂದು ಫೋನ್ ಮಾಡಿದಳು. ಒಬ್ಬರು ಹುಂಜವನ್ನು ತಿಂದಿದ್ದರು, ಒಬ್ಬರು ಮಾರಿದ್ದರು, ಮಿಕ್ಕವರ ಹಿತ್ತಿಲಲ್ಲಿ ಎಲ್ಲ ಬೆರಕೆ. ಮರಿ ಮಾಡುವ ಯಂತ್ರವಿದ್ದವನು ಅದು ರಿಪೇರಿಗೆ ಹೋಗಿದೆಯೆಂದ.

ಹುಂಜ ಹೋದ ಮೇಲೂ ಒಂದು ವಾರ, ಹತ್ತು ದಿನ ಹೇಂಟೆಗಳು ಇಡುವ ಮೊಟ್ಟೆಯಲ್ಲಿ ಅದರ ಜೀವ ಇರುತ್ತದೆ. ಆಮೇಲೆ ಬರುವುದೆಲ್ಲ ಬರಿಯ ಬಾಣಲೆಯ ಮೊಟ್ಟೆ. ಅಷ್ಟರೊಳಗೆ ಇಟ್ಟವನ್ನು ಯಾವುದಾದರೂ ಹೇಂಟೆಯ ಕೆಳಗೆ ಇಟ್ಟು ಒಂದು ಗಂಡುಮರಿ ಪಡೆಯದಿದ್ದರೆ ತಳಿ ಇಲ್ಲಿಗೆ ಮುಗಿಯಿತು. ಅವಳು ಇದನ್ನು ಅತ್ತೆಗೆ ಹೇಳುವ ಮೊದಲೇ ಅತ್ತೆ ಅವಳಿಗೆ ಹೇಳಿದರು. ಹೇಳಿ, ಬೆಳಗಿನ ನಿಶ್ಶಬ್ದಕ್ಕೆ ಕಿವಿಯಿಟ್ಟು ಕೂತರು. ಹುಂಜದ ಕೂಗನ್ನು ವರ್ಷಗಟ್ಟಲೆ ಬೈಯುತ್ತಿದ್ದ ಟೈಲರ್ ಕೂಡ, ಈಚೆಗೆ ಏಳುವುದೇ ತಡವಾಗುತ್ತಿದೆ ಎಂದು ಗೋಡೆಯಾಚೆಯಿಂದ ಗೊಣಗಿದ.

ಈಗ ಒಂದು ಹೇಂಟೆ ಕೂರಬೇಕಿತ್ತು. ಒಂದೂ ಕೂರಲೊಲ್ಲದು.

ಬೀಗಿತಿಯನ್ನು ಹಿಂದಿನ ವಾರವಷ್ಟೇ ಪಂಜರದಲ್ಲಿಟ್ಟು, ತಣಿಸಿ, ಹೊರಗೆ ಬಿಟ್ಟಿದ್ದಳು. ಅವಳೀಗ ಕಾವು ಎಂದರೇನೆಂದೇ ಅರಿಯದವಳಂತೆ ಬೇಲಿಯ ಬುಡ ಕೆದಕುತ್ತ ಓಡಾಡುತ್ತಿದ್ದಳು. ಕೋಳಿಯಕ್ಕ ಗೂಡಿನ ಮೂಲೆಗೆ ಗೋಣಿ ಕಟ್ಟಿ ಕತ್ತಲು ಮಾಡಿದಳು. ಹೊಸ ಹುಲ್ಲು ಹಾಸಿ, ನುಣುಪಾದ ಕಲ್ಲುಗಳನ್ನಿಟ್ಟಳು. ಹಿಡಿದು ತಂದು ಕೂರಿಸಿದರೆ ಬೀಗಿತಿ ಕಲ್ಲುಗಳನ್ನು ಒಮ್ಮೆ ನೋಡಿ, ಇವಳನ್ನು ಒಮ್ಮೆ ನೋಡಿ, ಎದ್ದು ಹೊರಟುಬಿಡುತ್ತಿದ್ದಳು.

ಕಂಡಕ್ಟರ್ ಊಟದ ತಟ್ಟೆ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದ. "ಇಷ್ಟು ವರ್ಷ ಇಳೀರಿ ಇಳೀರಿ ಅಂತ ಇಳಿಸಿದೀಯ. ಈಗ ಸೀಟು ಖಾಲಿ ಇದೆ ಬನ್ನಿ ಅಂದ್ರೆ ಯಾರು ಹತ್ತುತಾರೆ?"

"ನೀವು ತಿಂದು ಏಳಿ," ಎಂದಳು. ಅವಳಿಗೆ ನಗು ಬರಲಿಲ್ಲ. ಹಾಗೆಂದು ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಎಲ್ಲಿಂದಾದರೂ ಶಕ್ತಿ ತರಬೇಕಿತ್ತು.

ಒಂದು ಸಂಜೆ ಮೊಟ್ಟೆ ತೆಗೆಯಲು ಬಗ್ಗಿದಾಗ ಗೋಣಿಯ ಹಿಂದಿನಿಂದ ಗುರ್ರೆಂಬ ದನಿ ಬಂತು. ಕೈ ತೂರಿಸಿದಳು. ಮಣಿಕಟ್ಟಿಗೆ ಜೋರಾಗಿ ಕುಕ್ಕು ಬಿತ್ತು. ಚರ್ಮ ಕಿತ್ತು ಬಂದಿತ್ತು. ಅಷ್ಟು ಹಿತವಾದ ಕುಕ್ಕು ಅವಳಿಗೆ ಎಂದೂ ಬಿದ್ದಿರಲಿಲ್ಲ. ಹುಂಜ ಹೋದಾಗಿನಿಂದ ನೀರಿನ ಮಡಕೆಯ ಪಕ್ಕದ ತಂಪಿನಲ್ಲಿ ಎತ್ತಿಟ್ಟಿದ್ದ ಮೊಟ್ಟೆಗಳಿಗೆ ಇದ್ದಿಲಿನಿಂದ ಒಂದೊಂದು ಗುರುತು ಹಾಕಿ, ಕಲ್ಲುಗಳನ್ನು ಹಿಂದೆಗೆದು, ಅವನ್ನು ಬೀಗಿತಿಯ ಎದೆಯಡಿಗೆ ಸರಿಸಿದಳು. ವಾರದ ಮೇಲೆ ಉಗ್ರಾಣದ ಕತ್ತಲಲ್ಲಿ ಟಾರ್ಚಿಗೆ ಹಿಡಿದು ನೋಡಿದರೆ ಮುಕ್ಕಾಲು ಪಾಲು ಮೊಟ್ಟೆಗಳ ಒಳಗೆ ಕೆಂಪು ಎಳೆಗಳು, ನಡುವೆ ಮಿಡಿಯುವ ಒಂದು ಚುಕ್ಕೆ. ಅತ್ತೆಗೆ ಹೇಳಿದಳು. ಅವತ್ತು ಅತ್ತೆ ಇನ್ನೆರಡು ತುತ್ತು ಹೆಚ್ಚಿಗೆ ಉಂಡರು.

ಆಮೇಲಿನ ದಿನಗಳಲ್ಲಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೀಗಿತಿ ಕಾಳು ತಿನ್ನಲು ಎದ್ದರೆ ಇವಳೂ ಏಳುತ್ತಿದ್ದಳು. ಬೇರೆ ಹೇಂಟೆಗಳು ಗೋಣಿ ಸರಿಸಿ ಒಳನುಗ್ಗದಂತೆ ಅಟ್ಟುತ್ತಿದ್ದಳು. ಮಿಕ್ಕ ಕೆಲಸಗಳು ಇದ್ದಲ್ಲೇ ಇದ್ದವು. ಬಟ್ಟೆ, ಪಾತ್ರೆ, ಗೂಡಿನ ಹಿಕ್ಕೆ ತೆಗೆಯುವುದು, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುವುದು. ಎರಡನೆಯ ವಾರ ಮುಗಿಯುತ್ತಿದ್ದ ಒಂದು ಮಧ್ಯಾಹ್ನ, ಒಣಗಿದ ಬಟ್ಟೆಯ ರಾಶಿಯನ್ನು ಮಡಚಲೆಂದು ಕುರ್ಚಿಯಲ್ಲಿ ಕೂತವಳು ಒಂದು ದಿಂಬಿನ ಚೀಲವನ್ನು ಅರ್ಧ ಮಡಚಿ ಕೈಯಲ್ಲಿ ಹಿಡಿದಂತೆಯೇ ನಿದ್ದೆಹೋದಳು.

ಎಚ್ಚರವಾದಾಗ ಬಿಸಿಲು ಗೋಡೆ ಏರಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಮೊಟ್ಟೆಯ ಬುಟ್ಟಿ ತುಂಬಿತ್ತು. ಪಕ್ಕದಲ್ಲಿ ಒದ್ದೆ ಬಟ್ಟೆ. ಕೊಳ್ಳುವವರಿಗೆ ಕೊಡುವ ಮೊದಲು ಮಾಡುತ್ತಿದ್ದಂತೆ ಅತ್ತೆ ಒಂದೊಂದನ್ನೂ ಒರೆಸಿ ಬೆಳ್ಳಗೆ ಮಾಡಿ ಜೋಡಿಸಿದ್ದರು. ಅವಳು ಕಿಟಕಿಯಿಂದ ನೋಡಿದಳು. ಸೀಬೆಮರದಲ್ಲಿ ಪಂಜರ ತೂಗುತ್ತಿತ್ತು. ಒಳಗೆ ಬೀಗಿತಿ.

ಕಿಟಕಿಯ ಸರಳು ಹಿಡಿದು ನಿಂತಳು.

"ಎದ್ದೆಯಾ?" ಎಂದರು ಅತ್ತೆ, ಗೋಡೆ ಹಿಡಿದುಕೊಂಡು ಬರುತ್ತ. "ಮಲಗಿದ್ದೆ ಪಾಪ, ಎಬ್ಬಿಸಲಿಲ್ಲ. ಮಧ್ಯಾಹ್ನದ ಮೊಟ್ಟೆ ನಾನೇ ತೆಗೆದೆ ಕಣಮ್ಮ. ಒಂದು ಕೂತ್ಬಿಟ್ಟಿತ್ತು ನೋಡು, ಹಠಮಾರಿ. ಅದನ್ನ…" ಅಲ್ಲಿಗೆ ನಿಂತರು. ಸೊಸೆಯ ಮೌನಕ್ಕೆ ಕಿವಿಗೊಟ್ಟರು. ತಲೆಗೆ ಎಲ್ಲ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಬಾಳೆಲ್ಲ ಮಾಡಿದ್ದನ್ನೇ ಆ ಕೈ ಇನ್ನೊಮ್ಮೆ ಮಾಡಿತ್ತು.

"ಅದನ್ನೇ ಎತ್ಬಿಟ್ಟೆನಾ?"

"ಹೂಂ ಅತ್ತೆ."

ಅತ್ತೆ ಅಲ್ಲೇ ನೆಲಕ್ಕೆ ಕುಸಿದು ಕೂತರು. ಹಣೆ ಚಚ್ಚಿಕೊಳ್ಳಲಿಲ್ಲ, ಅಳಲಿಲ್ಲ. ಎರಡು ಅಂಗೈಗಳನ್ನೂ ತೊಡೆಯ ಮೇಲೆ ಮಲಗಿಸಿ, ಬೇರೆ ಯಾರದೋ ಕೈಗಳೆಂಬಂತೆ ಬಿಟ್ಟುಬಿಟ್ಟರು. ಹೇಳಲು ಸೊಸೆಯ ಬಳಿ ಬಹಳವಿತ್ತು. ತಾನು ನಿದ್ದೆಹೋಗಬಾರದಿತ್ತು ಎಂಬುದೂ ಅದರಲ್ಲಿತ್ತು. ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಬುಟ್ಟಿಯನ್ನು ಎತ್ತಿಕೊಂಡಳು.

ಇದ್ದಿಲಿನ ಗುರುತು ಅಳಿಸಿಹೋಗಿತ್ತು. ಅವತ್ತು ಇಟ್ಟವು, ಕಾವಿನವು, ಎಲ್ಲ ಒಂದೇ ಬಿಳುಪು. ಅವಳು ಬೀಗಿತಿಯನ್ನು ಪಂಜರದಿಂದ ತೆಗೆದು ತಂದಳು. ಬೀಗಿತಿ ರೆಕ್ಕೆ ಬಡಿದು ಕೊಸರಾಡಿದಳು. ಈ ಸ್ಥಿತಿಯಲ್ಲಿ ಗೂಡಿಗೆ ಬಿಟ್ಟರೆ ಬೇಲಿ ಹಾರುವುದು ಖಂಡಿತ.

"ಇಲ್ಲಿ ಕೊಡು," ಎಂದರು ಅತ್ತೆ. "ಉಗ್ರಾಣಕ್ಕೆ ಕರ್ಕೊಂಡು ನಡಿ ನನ್ನ."

ಉಗ್ರಾಣದ ಬಾಗಿಲು ಮುಚ್ಚಿ ಇಬ್ಬರೂ ನೆಲದ ಮೇಲೆ ಕೂತರು. ಅತ್ತೆ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು, ತಲೆಯ ಮೇಲೆ ತಮ್ಮ ಹೊದಿಕೆ ಮುಚ್ಚಿ, ಎದೆಯ ಮೂಳೆಯ ಉದ್ದಕ್ಕೂ ಬೆರಳು ಆಡಿಸತೊಡಗಿದರು. ಸೊಸೆ ಒಂದೊಂದೇ ಮೊಟ್ಟೆಯನ್ನು ಟಾರ್ಚಿಗೆ ಹಿಡಿದಳು. ತಿಳಿಯಾದವನ್ನು ಬುಟ್ಟಿಗೆ ಹಾಕಿದಳು. ಒಳಗೆ ಕಪ್ಪು ಕಟ್ಟಿಕೊಂಡವನ್ನು ಅತ್ತೆಯ ಕಡೆಗೆ ನೀಡಿದಳು. ಅತ್ತೆ ಅದನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕಣ್ಣಿನ ರೆಪ್ಪೆಗೆ ತಿಳಿಯುವಷ್ಟು ಬಿಸಿ ಬೆರಳಿಗೆ ತಿಳಿಯುವುದಿಲ್ಲ.

"ಇದರಲ್ಲಿ ಜೀವ ಇದೆ," ಎನ್ನುತ್ತಿದ್ದರು. ಇಲ್ಲವೇ ಪಕ್ಕಕ್ಕಿಡುತ್ತಿದ್ದರು.

ಹೊರಗೆ ಬಿಸಿಲು ಇನ್ನೂ ಕಾಯುತ್ತಿತ್ತು. ಉಗ್ರಾಣದ ಹೆಂಚು ಒಲೆಯ ಮೇಲಿನ ಕಾವಲಿಯಾಗಿತ್ತು. ಇಬ್ಬರ ಕತ್ತಿನಿಂದಲೂ ಬೆವರು ಇಳಿಯುತ್ತಿತ್ತು. ಹುಂಜವನ್ನು ಕೊಂದ ಬಿಸಿಲೇ ಆ ಮೊಟ್ಟೆಗಳು ಪೂರ್ತಿ ತಣ್ಣಗಾಗದಂತೆ ಹಿಡಿದಿಟ್ಟಿತ್ತು ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ. ಮೊಟ್ಟೆಯಿಂದ ಮೊಟ್ಟೆಗೆ ಹೋಗುವುದಷ್ಟೇ ಗೊತ್ತಿತ್ತು.

"ನಿಂಗೂ ಸಾಕಾಗಿದೆ," ಎಂದರು ಅತ್ತೆ ಇದ್ದಕ್ಕಿದ್ದಂತೆ. "ಇದು ಹೋದ್ರೆ ಹೋಗ್ಲಿ ಬಿಡು. ನಿನ್ನ ತಲೆ ಮೇಲಿನ ಭಾರ ಇಳಿಯುತ್ತೆ."

ಅವಳು ಟಾರ್ಚ್ ಆರಿಸಿದಳು. ಇದನ್ನು ತಾನೇ ಎಷ್ಟೋ ಬೆಳಗ್ಗೆ ಅಂದುಕೊಂಡಿದ್ದಳು. ಹೇಂಟೆಗಳೆಲ್ಲ ಒಂದು ದಿನ ಇಲ್ಲವಾಗಿ, ಮಧ್ಯಾಹ್ನಗಳು ಬರಿದಾಗಿ, ಸೊಂಟ ಬಗ್ಗಿಸದೆ ಚಹಾ ಕುಡಿಯುವುದನ್ನು. ಈಗ ಅತ್ತೆಯ ಬಾಯಿಂದ ಕೇಳಿದಾಗ ಅದು ಅವಳಿಗೆ ಬೇಡವಾಯಿತು.

"ನನಗೆ ಸಾಕಾಗಿರೋದು ನಿಜ ಅತ್ತೆ. ಆದ್ರೆ ಹೋಗ್ಲಿ ಅಂತ ಅಂದಿಲ್ಲ," ಎಂದಳು. "ಅದು ಮಲಗ್ತಾ?"

ಹೊದಿಕೆಯೊಳಗೆ ಬೀಗಿತಿ ಕೊಸರಾಟ ನಿಲ್ಲಿಸಿದ್ದಳು. ಸೊಸೆ ಅವಳನ್ನು ಹೊದಿಕೆ ಸಮೇತ ಗೂಡಿಗೆ ಒಯ್ದು, ಜೀವವಿದ್ದ ಮೊಟ್ಟೆಗಳನ್ನು ಹಿಂದಿನಿಂದ ಒಂದೊಂದಾಗಿ ಎದೆಯಡಿಗೆ ಸರಿಸಿ, ಹೊದಿಕೆಯನ್ನು ಮೆಲ್ಲಗೆ ಎಳೆದುಕೊಂಡಳು. ಬೀಗಿತಿ ಎದ್ದು ನಿಂತಳು. ಎಬ್ಬಿಸುವುದನ್ನೇ ಕಲಿತಿದ್ದ ಕೋಳಿಯಕ್ಕನಿಗೆ ಕೂರಿಸುವ ಮಂತ್ರ ಯಾವುದೂ ಗೊತ್ತಿರಲಿಲ್ಲ. ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು, ಹಿಕ್ಕೆ ಬಿದ್ದ ನೆಲವೆಂದೂ ನೋಡದೆ, ಕಾಲು ಚಾಚಿ ಕೂತುಬಿಟ್ಟಳು. ಹಾಗೆ ಎಷ್ಟು ಹೊತ್ತು ಕೂತಳೋ. ಬೆನ್ನ ಹಿಂದೆ ಹುಲ್ಲು ಸರಪರ ಎಂದಿತು. ಕೊಕ್ಕಿನಿಂದ ಮೊಟ್ಟೆಯೊಂದನ್ನು ಹೊರಳಿಸಿಕೊಳ್ಳುವ ಸದ್ದು ಬಂತು. ಆಮೇಲೆ ಗುರ್ರೆಂಬ ದನಿ.

ಒಡೆದು ಹೊರಬಂದದ್ದು ನಾಲ್ಕು ಮರಿ. ಮಿಕ್ಕವು ಒಡೆಯಲೇ ಇಲ್ಲ. ಅವನ್ನು ಸೀಬೆಮರದ ಬುಡದಲ್ಲಿ ಹೂಳುವಾಗ ಅತ್ತೆ ಪಕ್ಕದಲ್ಲಿ ನಿಂತಿದ್ದರು. ನಾಲ್ಕರಲ್ಲಿ ಗಂಡು ಯಾವುದು, ಇದೆಯೋ ಇಲ್ಲವೋ, ಆಗಲೇ ಹೇಳುವವರು ಯಾರೂ ಇರಲಿಲ್ಲ. ಮರಿಗಳಲ್ಲಿ ಒಂದನ್ನು ಕಾಗೆ ಕೊಂಡೊಯ್ದಿತು. ಉಳಿದವಕ್ಕೆ ಅವಳು ಕಾವಲಿದ್ದಳು, ಹಿಂದೆ ಇದ್ದಷ್ಟೇ ದಣಿದುಕೊಂಡು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಹಿತ್ತಿಲಿನಿಂದ ಒಡಕು ದನಿಯೊಂದು ಎದ್ದಿತು. ಅರ್ಧಕ್ಕೆ ಮುರಿದು, ಗಂಟಲು ಕೆರೆದು, ಮತ್ತೆ ಎದ್ದಿತು. ಗೋಡೆಯಾಚೆ ಟೈಲರ್ ಕೆಮ್ಮಿದ.

"ಕೋಳಿಯಕ್ಕಾ, ಅದಕ್ಕೆ ನೆಗಡಿಯಾಗಿದೆಯಾ?"

ಅತ್ತೆ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಮಂಜುಗಣ್ಣು ಬಾಗಿಲ ಕಡೆಗಿತ್ತು. "ಅವನಪ್ಪನೂ ಮೊದಮೊದಲು ಹೀಗೇ ಕೂಗ್ತಿದ್ದ," ಎಂದರು. ಇನ್ನೊಮ್ಮೆ ಕೂಗಲಿ ಎಂದು ಕಾದರು.

ಅವಳು ಬುಟ್ಟಿ ಹಿಡಿದು ಗೂಡಿಗೆ ಹೋದಳು. ಬೀಗಿತಿ ಮತ್ತೆ ಕಾವಿಗೆ ಕೂತಿದ್ದಳು. ಎಬ್ಬಿಸಲೇಬೇಕು. ಮೊಟ್ಟೆ ಕೊಳ್ಳುವವರು ಸಂಜೆ ಬರುತ್ತಾರೆ. ಆದರೆ ಆವತ್ತಿನಿಂದ ಅವಳು ಗೂಡುಗಳ ಸರದಿ ಬದಲಿಸಿದಳು. ಮೊದಲು ಆಚೆ ಮೂಲೆಯಿಂದ ಶುರುಮಾಡಿ, ಎಲ್ಲ ಹೇಂಟೆಗಳ ಮೊಟ್ಟೆ ತೆಗೆದು, ನೀರು ತುಂಬಿ, ಕಾಳು ಹಾಕಿ, ಬೇಕೆಂದೇ ನಿಧಾನ ಮಾಡಿ, ಎಲ್ಲಕ್ಕಿಂತ ಕೊನೆಗೆ ಬೀಗಿತಿಯ ಗೂಡಿನ ಮುಂದೆ ಬಗ್ಗುತ್ತಿದ್ದಳು.