ಹುಂಡುಕೋಳಿ ಪಾಲು

ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದ ಮೇಲೆಯೇ ಹೂವಮ್ಮ ಹಡ್ಲಿಗೆ ಕಾಲಿಡುತ್ತಿದ್ದರು. ನಮ್ಮ ಎಸ್ಟೇಟಿನ ಕೆಳಗಿಂದ ಮೀಸಲು ಅರಣ್ಯದೊಳಕ್ಕೆ ಹಬ್ಬಿದ ಆ ಜೌಗು ನೆಲವೇ ಅವರ ಬದುಕು. ಅಲ್ಲಿಯ ಜೊಂಡು ಕೊಯ್ದು, ಚಾಪೆ ಹೆಣೆದು ವಸ್ತಾರೆಯಲ್ಲಿ ಮಾರುತ್ತಿದ್ದರು. ನೀರುಹಕ್ಕಿಗಳು ಗೂಡು ಕಟ್ಟುವ ನಡುವಿನ ಒಂದು ಪೊದೆಗೆ ಮಾತ್ರ ಗಂಟು ಹಾಕಿ ಹಾಗೇ ಬಿಡುವರು.

“ಅದು ಹುಂಡುಕೋಳಿ ಪಾಲು. ಅವು ಮೊಟ್ಟೆ ಇಟ್ರೆ ನೀರು ಚೆನ್ನಾಗಿದೆ ಅಂತ.”

ನಾನು ಎಸ್ಟೇಟಿನ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರ್. ನಾಲ್ಕಕ್ಷರ ಕಲಿತ ಜಂಬದಲ್ಲಿ ನಕ್ಕಿದ್ದೆ.

ಜಂಬ ಇಳಿದದ್ದು ಒಂದು ಮಧ್ಯಾಹ್ನ. ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ, ಹುಲ್ಲುನೆಲವೆಂದು ನಂಬಿ ಹಡ್ಲಿಗೆ ಕಾಲಿಟ್ಟೆ. ಸೊಂಟದವರೆಗೆ ಹೂತುಹೋದೆ. ಒದ್ದಾಡಿದಷ್ಟೂ ಕೆಸರು ಎಳೆಯುತ್ತಿತ್ತು.

“ಒದ್ದಾಡ್ಬೇಡಿ ರೈಟ್ರೇ! ಹಿಂದಕ್ಕೆ ಮಲ್ಗಿ!” ಜೊಂಡಿನ ಹೊರೆಯೊಂದಿಗೆ ಹೂವಮ್ಮ ಓಡಿಬಂದರು.

“ಮುಳುಗ್ತೀನಿ ಹೂವಮ್ಮಾ!”

“ಮಲ್ಗಿ ಮಾರಾಯ್ರೇ, ನನ್ ಮಾತು ಕೇಳಿ!”

ಕೇಳಿದೆ. ಹೊರೆಯನ್ನು ನನ್ನ ಬೆನ್ನಡಿಗೆ ತುರುಕಿ, ಒಂದೊಂದೇ ಕಾಲು ಬಿಡಿಸಿ ಎಳೆದರು. ದಡ ಸೇರಿದ ಮೇಲೆ ನಾಚಿಕೆಬಿಟ್ಟು ಅತ್ತೆ.

ಮರುವರ್ಷ ಕೊಯ್ಲಿನ ಹೊತ್ತಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಕೊಳೆನೀರಿನ ಗುಂಡಿ ತುಂಬಿ ತುಳುಕಿತು. ಇನ್ನೊಂದು ಗುಂಡಿ ತೋಡುವವರೆಗೆ ಪಲ್ಪರ್ ನಿಲ್ಲಿಸಬೇಕು. ಇತ್ತ ರಾಶಿ ಬಿದ್ದ ಹಣ್ಣು ಹುಳಿಯುತ್ತಿತ್ತು. ನೀರನ್ನು ಕೆಳಗಿನ ಹಡ್ಲಿಗೆ ಹರಿಸಲೆಂದು ಗುಂಡಿಯ ಏರಿ ಒಡೆಯಲು ಹಾರೆ ಹಿಡಿದ ಆಳಿನೆದುರು ಹೂವಮ್ಮ ಬಂದು ನಿಂತುಬಿಟ್ಟರು.

“ಆ ಹುಳಿನೀರು ಹಡ್ಲಿಗೆ ಬಿಡ್ಬೇಡಿ ರೈಟ್ರೇ. ಜೊಂಡು ಬೇರು ಸಮೇತ ಕೊಳೀತದೆ. ನಂಗೆ ಬೇರೆ ಕೆಲ್ಸ ಏನ್ ಬರ್ತದೆ ಹೇಳಿ?”

ಎಲ್ಲರೂ ನನ್ನ ಮುಖ ನೋಡಿದರು. “ಒಂದೇ ದಿನ ಹೂವಮ್ಮಾ” ಎಂದು ಹೇಳಿ ಆಳಿಗೆ ಕಣ್ಸನ್ನೆ ಮಾಡಿದೆ. ಒಂದು ದಿನ ಎಂಟು ದಿನವಾಯಿತು.

ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಜೊಂಡು ಕಪ್ಪಾಗಿ ನೆಲಕ್ಕೊರಗಿತು. ಗಂಟು ಹಾಕಿದ ಪೊದೆಯಲ್ಲಿ ಆ ವರ್ಷ ಹುಂಡುಕೋಳಿ ಕೂಗಲೇ ಇಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಬಸ್‌ಸ್ಟಾಪಿನಲ್ಲಿ. ಸಂಸೆಯ ತೋಟವೊಂದರಲ್ಲಿ ಕೂಲಿಗೆಂದು ಹೊರಟಿದ್ದರು. ತಪ್ಪಾಯಿತು ಎಂದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಕೆಸರಲ್ಲಿದ್ದಾಗ ನನ್ ಮಾತು ಕೇಳಿದ್ರಿ ರೈಟ್ರೇ. ದಡದಲ್ಲಿ ನಿಂತಾಗ ಕೇಳ್ಲಿಲ್ಲ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಈಗ ಗುಂಡಿ ಎರಡಿವೆ. ಆದರೂ ದಿನಾ ಬೆಳಿಗ್ಗೆ ಹಡ್ಲಿನಂಚಿಗೆ ಹೋಗಿ ಬೊಗಸೆಯಲ್ಲಿ ನೀರೆತ್ತಿ ಮೂಸುತ್ತೇನೆ. ಚೆನ್ನಾಗಿದೆಯೋ ಕೆಟ್ಟಿದೆಯೋ ನನಗೆ ತಿಳಿಯುವುದಿಲ್ಲ. ತಿಳಿದವರನ್ನು ಬಸ್ಸು ಹತ್ತಿಸಿದವನು ನಾನೇ.