ಘಾಟಿಯಲ್ಲಿ ಗೇರ್ ಬಿಡದ ಜುಲ್ಫಿಕರ್

ಏರ್ ಫಿಲ್ಟರನ್ನು ಅಂಗೈಗೆ ತಟ್ಟಿ ತಟ್ಟಿ ದೂಳು ಉದುರಿಸುತ್ತಿದ್ದಾರೆ ಜುಲ್ಫಿಕರ್. ಇನ್ನೂ ಪೂರ್ತಿ ಬೆಳಗಾಗಿಲ್ಲ. ನಂಗಲಿಯ ಹೆದ್ದಾರಿ ಬದಿಯಲ್ಲಿ ಅವರ ಲಾರಿ ಟೊಮೆಟೊ ಕ್ರೇಟು ಹೊತ್ತು, ಹಗ್ಗ ಬಿಗಿಸಿಕೊಂಡು ನಿಂತಿದೆ. “ಮೂಗು ಕಟ್ಟಿದ್ರೆ ನಾವು ಏದುಸಿರು ಬಿಡಲ್ವಾ ಅಮ್ಮಾ, ಇಂಜಿನ್ನೂ ಹಂಗೇ. ಡೀಸೆಲ್ ಜಾಸ್ತಿ ಕುಡೀತದೆ,” ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ.

ಊರು ಮುಳಬಾಗಿಲು. ಇಪ್ಪತ್ತಾರು ವರ್ಷದಿಂದ ಸ್ಟೇರಿಂಗ್ ಹಿಡಿದವರು. ಟೈರು ತಣ್ಣಗಿರುವಾಗಲೇ ಗಾಳಿ ನೋಡುವುದು, ಟೊಮೆಟೊ ಮಂಡಿಯ ಸಾಲಿನಲ್ಲಿ ಇಂಜಿನ್ ಆರಿಸುವುದು, ದೂರದಲ್ಲಿ ಹಂಪ್ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಇಷ್ಟೇ ಅವರ ವಿದ್ಯೆ. ಉಳಿದವರ ಲಾರಿ ಲೀಟರಿಗೆ ಐದು ಕಿಲೋಮೀಟರ್ ಓಡಿದರೆ ಇವರದ್ದು ಆರು ದಾಟುತ್ತದೆ. ಹೆಚ್ಚು ಡೀಸೆಲ್ ಉಳಿಸಿದ ಡ್ರೈವರಿಗೆ ಲಾರಿಗಳ ಮಾಲೀಕರಾದ ಸಾಹುಕಾರರು ಕುಕ್ಕರ್ ಬಹುಮಾನ ಕೊಡುತ್ತಾರೆ. “ಮನೇಲಿ ಮೂರು ಕುಕ್ಕರ್ ಆಗವೆ. ಇನ್ನೊಂದು ತಂದ್ರೆ ಅದ್ರಲ್ಲೇ ನಿಮ್ಮನ್ನ ಬೇಯಿಸ್ತೀನಿ ಅಂತಾಳೆ ನಮ್ಮ ಹೆಂಡ್ತಿ ಬದ್ರುನ್ನೀಸಾ.”

ಈಗ ಆ ಬಹುಮಾನವೇ ಅವರ ನಿದ್ದೆ ಕೆಡಿಸಿದೆ. ಇವರನ್ನು ಸೋಲಿಸಬೇಕೆಂದು ಪ್ರಾಯದ ಡ್ರೈವರುಗಳು ಪಲಮನೇರಿನಾಚೆ ಮೊಗಿಲಿ ಘಾಟಿಯ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಲಾರಿಯ ಗೇರ್ ತಪ್ಪಿಸಿ ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಹೊರೆ ಹಿಂದಿನಿಂದ ತಳ್ಳುತ್ತದೆ, ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ. “ಗೇರಲ್ಲೇ ಇಳಿಸಿದ್ರೆ ಇಂಜಿನ್ನೇ ಗಾಡೀನ ಹಿಡ್ಕೊಂತದೆ. ಕಾಲು ತೆಗೆದಿದ್ರೆ ಡೀಸೆಲ್ಲೂ ಹೋಗಲ್ಲ. ಹೇಳಿದ್ರೆ ಯಾರು ನಂಬ್ತಾರೆ?”

ಮೊನ್ನೆ ಅವರ ಪಕ್ಕದಲ್ಲಿ ಕೂತು ಆ ಘಾಟಿ ಇಳಿದೆ. ಬಾಗಿಲ ಹಿಡಿ ಬಿಡಲಿಲ್ಲ. ಇವರ ಲಾರಿ ಎಮ್ಮೆ ನಡೆದಂತೆ ಇಳಿಯುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಲಾರಿ ಪಕ್ಕದಲ್ಲೇ ಜಾರಿ ಹೋಯಿತು. ಇಂಜಿನ್ನಿನ ಆರ್ಭಟವಿಲ್ಲ, ಬರೀ ಗಾಳಿಯ ಸದ್ದು, ಸುಟ್ಟ ವಾಸನೆ. “ಕದಿರೇಶಂದು,” ಎಂದರು ಜುಲ್ಫಿಕರ್. ಇವರೇ ಡ್ರೈವಿಂಗ್ ಕಲಿಸಿದ ಹುಡುಗ, ಮನೆಯಲ್ಲಿ ಹಸುಗೂಸು. ಆಮೇಲೆ ಇಬ್ಬರೂ ಒಂದೊಂದು ತಿರುವಿನಲ್ಲೂ ಕೆಳಗಿನ ಕಮರಿಯನ್ನೇ ನೋಡಿದೆವು.

ಘಾಟಿಯ ಬುಡದಲ್ಲಿ ಕದಿರೇಶ ಟೀ ಹಿಡಿದು ನಿಂತಿದ್ದ. ಲಾರಿಯ ಚಕ್ರದಿಂದ ಹೊಗೆ. “ಏಮಿ ಭಾಯ್, ಈ ಸಲ ಕುಕ್ಕರ್ ನಂದೇ,” ಎಂದ.

ಸಾಹುಕಾರರಿಗೆ ಒಂದು ಕಾಗದವನ್ನು ಜುಲ್ಫಿಕರ್ ಮಗಳು ಅಂಬ್ರೀನ್ ಕೈಲಿ ಬರೆಸಿ ಆರೇಳು ತಿಂಗಳಾಯಿತು. ಹುಡುಗರು ಸಾಯುವ ಮುಂಚೆ ಬಹುಮಾನ ನಿಲ್ಲಿಸಿ ಎಂಬುದಷ್ಟೇ ಅದರಲ್ಲಿರುವ ಬೇಡಿಕೆ. ಫೋನಿನಲ್ಲಿ ಹೇಳಲು ನಾಲಗೆ ಏಳದು. “ದೊಡ್ಡೋರಿಗೆ ಬುದ್ಧಿ ಹೇಳಕ್ಕೆ ಬಂದ ಅಂತ ಗಾಡಿ ಕಿತ್ಕೊಂಡ್ರೆ?” ಆ ಭಯಕ್ಕೆ ಲಕೋಟೆ ಸೀಟಿನ ಕೆಳಗೇ ಉಳಿದಿತ್ತು.

ಫಿಲ್ಟರ್ ಕೂರಿಸಿ ಕೈ ಒರೆಸಿಕೊಂಡವರು ಈಗ ಅದನ್ನು ಹೊರಗೆ ತೆಗೆಯುತ್ತಾರೆ. ಪಕ್ಕದ ಲಾರಿಯಿಂದ ಕದಿರೇಶ ಇಣುಕುತ್ತಾನೆ.

“ಏನ್ ಭಾಯ್, ಸೋಲೋ ಮುಂಚೆನೇ ಸಾಹುಕಾರ್ರಿಗೆ ಅರ್ಜಿನಾ?”

“ಹೂಂ ಕಣೋ. ಕುಕ್ಕರ್ ಬೇಕಂದ್ರೆ ನಮ್ಮನೇದೇ ಒಂದು ತಗೊಂಡೋಗು. ಘಾಟಲ್ಲಿ ಗೇರ್ ಬಿಡ್ಬೇಡ.”

ಹುಡುಗ ನಗುತ್ತಾ ಸ್ಟೇರಿಂಗ್ ಕಡೆ ತಿರುಗುತ್ತಾನೆ. ಜುಲ್ಫಿಕರ್ ರಸ್ತೆ ದಾಟಿ ಅಂಚೆ ಡಬ್ಬದ ಮುಂದೆ ನಿಲ್ಲುತ್ತಾರೆ. ಲಕೋಟೆ ಅರ್ಧ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಬೆನ್ನ ಹಿಂದೆ ಕದಿರೇಶನ ಲಾರಿ ಸ್ಟಾರ್ಟ್ ಆಗಿ, ಘಾಟಿಯ ದಿಕ್ಕಿಗೆ ಹೊರಟ ಸದ್ದು.

ಜುಲ್ಫಿಕರ್ ಲಕೋಟೆಯನ್ನು ಮತ್ತೆ ಡಬ್ಬದೊಳಗೆ ತೂರಿಸಿ ಕೈ ಬಿಡುತ್ತಾರೆ.